ಗಾಡಿಯ ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿದರೆ ಮೊದಲು ಬ್ಯಾಟರಿ, ಅರ್ತ್ ನೋಡುವುದು

ಕೀ ಆನ್ ಮಾಡಿದ ಕೂಡಲೇ ಎಲ್ಲ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಒಂದೊಂದಾಗಿ ಆರುವುದು ಸರಿಯೇ. ಬ್ಯಾಟರಿ, ಆಯಿಲ್ ದೀಪ ಸ್ಟಾರ್ಟ್ ಆಗುವವರೆಗೂ ಇರುತ್ತವೆ. ಇಂಜಿನ್ ಓಡುತ್ತಿರುವಾಗ ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್, ಚೆಕ್ ಇಂಜಿನ್ ಎಲ್ಲ ಒಟ್ಟಿಗೆ ಬಂದರೆ ತಲೆಕೆಡಿಸಿಕೊಳ್ಳಬೇಕು. ಆಗಲೂ ನಾಲ್ಕು ಭಾಗ ಒಂದೇ ದಿನ ಕೆಟ್ಟಿತೆಂದು ನಾನು ನಂಬುವುದಿಲ್ಲ. ನಾಲ್ಕಕ್ಕೂ ಹಂಚಿಹೋಗಿರುವುದು ಕರೆಂಟು, ಅರ್ತ್ (ಬ್ಯಾಟರಿಯ ನೆಗೆಟಿವನ್ನು ಇಂಜಿನ್, ಬಾಡಿಗೆ ಸೇರಿಸುವ ದಾರಿ) ಮತ್ತು ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಕ್ಯಾನ್ ವಯರು, ಅಂದರೆ ಒಟ್ಟಿಗೆ ಹೊಸೆದ ಎರಡು ವಯರುಗಳ ಜೋಡಿ.

ಬ್ಯಾಟರಿ ದೀಪದ ಜೊತೆ ಟೆಂಪರೇಚರ್ ಏರುತ್ತಿದ್ದರೆ ಬೆಲ್ಟ್ ಹರಿದಿರಬಹುದು. ಅನೇಕ ಗಾಡಿಗಳಲ್ಲಿ ಡೈನಮೋ, ವಾಟರ್ ಪಂಪ್ ಎರಡಕ್ಕೂ ಅದೇ ಬೆಲ್ಟ್. ಅಲ್ಲೇ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಆಯಿಲ್ ದೀಪ ಕೆಂಪಾಗಿ ನಿಂತರೂ ಹಾಗೆಯೇ.

ಎಬಿಎಸ್, ಟ್ರ್ಯಾಕ್ಷನ್, ಹಿಲ್ ಹೋಲ್ಡ್ ಮಾತ್ರ ಹೊತ್ತಿ ಏರ್‌ಬ್ಯಾಗ್ ಸುಮ್ಮನಿದ್ದರೆ ಬಹುಪಾಲು ಒಂದು ಚಕ್ರದ ಸ್ಪೀಡ್ ಸೆನ್ಸರ್. ಆ ಮೂರಕ್ಕೂ ಬೇಕಾದ್ದು ಅದೇ ಸಿಗ್ನಲ್. ಏರ್‌ಬ್ಯಾಗ್, ಸ್ಟಿಯರಿಂಗ್ ದೀಪಗಳೂ ಸೇರಿಕೊಂಡರೆ ಮಲ್ಟಿಮೀಟರ್ ತೆಗೆಯುತ್ತೇನೆ, ದೋಷದ ಕೋಡ್ ಓದುವ ಸ್ಕ್ಯಾನರ್ ಆಮೇಲೆ.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ನೋಡುತ್ತೇನೆ. 12.6 ಇದ್ದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯ ಮೇಲೆ ಅನುಮಾನ. ವೋಲ್ಟ್ ಕುಸಿದಾಗ ಒಂದೊಂದು ಮಾಡ್ಯೂಲೂ (ಆಯಾ ಭಾಗವನ್ನು ನಡೆಸುವ ಪುಟ್ಟ ಕಂಪ್ಯೂಟರ್) ತನ್ನ ದೀಪ ಹಚ್ಚಿ ಕೋಡ್ ಬರೆದಿಡುತ್ತದೆ. ಹೆಚ್ಚು ಕರೆಂಟ್ ಎಳೆಯುವ ಎಲೆಕ್ಟ್ರಿಕ್ ಸ್ಟಿಯರಿಂಗ್ ಬೇಗ ಮುನಿಸಿಕೊಳ್ಳುತ್ತದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಸ್ಮಾರ್ಟ್ ಚಾರ್ಜಿಂಗ್ ಇರುವ ಹೊಸ ಗಾಡಿಯಲ್ಲಿ ಇದು ಬೇಕೆಂದೇ ಏರಿಳಿಯುತ್ತದೆ, ಅಷ್ಟಕ್ಕೇ ಡೈನಮೋ ಬಿಚ್ಚಬೇಡಿ. ಡೈನಮೋದೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆಯೇ ಎಂದು ತಿಳಿಯಲು ಹೆಡ್‌ಲೈಟ್ ಹಾಕಿ ಎಸಿ ರೇಂಜಿನಲ್ಲಿ ಅಳೆಯಿರಿ; ಅರ್ಧ ವೋಲ್ಟ್ ದಾಟಿದರೆ ಹೋಗಿದೆ. ಅಗ್ಗದ ಕೆಲವು ಮೀಟರುಗಳು ಎಸಿ ರೇಂಜಿನಲ್ಲಿ ಡಿಸಿಯನ್ನೇ ದುಪ್ಪಟ್ಟು ಮಾಡಿ ತೋರಿಸುತ್ತವೆ. ಇಂಜಿನ್ ಆಫ್ ಇದ್ದಾಗಲೂ 26–27 ಎಂದರೆ ಸುಳ್ಳು ಹೇಳುತ್ತಿರುವುದು ಮೀಟರೇ.

ಇಷ್ಟರಲ್ಲಿ ಎಲ್ಲ ಸರಿಯಿದ್ದರೆ ಅರ್ತ್. ಮಂಜೇಶ್ವರದಿಂದ ಕುಂಬಳೆಯವರೆಗಿನ ಕಡಲ ಬದಿಯ ಗಾಡಿಗಳಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ ಒತ್ತಿ, ಕ್ಲಾಂಪಿಗೆ ಅಲ್ಲ. ಕೆಂಪು ಪ್ರೋಬ್ ಇಂಜಿನ್ನಿನ ಬರಿ ಲೋಹಕ್ಕೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ, 0.5 ದಾಟಿದರೆ ಅರ್ತ್ ಕೆಟ್ಟಿದೆ. ಬಾಡಿಗೂ ಹಾಗೆಯೇ: ಇಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಬ್ಲೋವರ್ ಹಾಕಿ, 0.1 ಮೀರಬಾರದು. ಓಮ್‌ನಲ್ಲಿ ಅಳೆದು 'ಸರಿಯಿದೆ' ಎನ್ನುವವರು ಏಮಾರುವುದು ಇಲ್ಲೇ. ಒಂದೆಳೆ ತಾಮ್ರ ಉಳಿದಿದ್ದರೂ ಓಮ್ ಸೊನ್ನೆಯ ಹತ್ತಿರ ತೋರಿಸುತ್ತದೆ, ನೂರಾರು ಆಂಪ್ಸ್ ಹರಿಯುವಾಗ ಅದರ ಬಣ್ಣ ಬಯಲಾಗುತ್ತದೆ.

ಅರ್ತಿನ ಕೇಬಲ್, ಅಂದರೆ ಸ್ಟ್ರಾಪ್, ಹೊರಗಿನಿಂದ ಚೆನ್ನಾಗಿ ಕಂಡರೂ ಅದರ ತುದಿಯ ಲೋಹದ ಬಳೆಯ (ಲಗ್) ಹತ್ತಿರದ ಹೊದಿಕೆಯನ್ನು ಬ್ಲೇಡಿನಿಂದ ಒಂದಿಂಚು ಸೀಳಿ ನೋಡಿ. ಉಪ್ಪುಗಾಳಿ ಒಳಹೊಕ್ಕಿದ್ದರೆ ಎಳೆಗಳು ಹಸಿರು ಕಿಲುಬು ಹಿಡಿದು, ಬೆರಳಿಗೆ ಪುಡಿಯಾಗಿ ಉದುರುತ್ತವೆ. ಅದನ್ನು ತಿಕ್ಕಿ ಪ್ರಯೋಜನವಿಲ್ಲ. ಸಣ್ಣ ಪೆಟ್ರೋಲ್ ಗಾಡಿಗೆ 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಒತ್ತಿ ಹಾಕಿದ ಲಗ್. ಬೋಲ್ಟ್ ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಹಚ್ಚಿ.

ಆಮೇಲೆ ಸ್ಕ್ಯಾನರ್. ಅಳಿಸುವ ಮುಂಚೆ ಕೋಡ್‌ಗಳ ಫೋಟೋ ಹಿಡಿದಿಡಿ. 'ಯು' ಅಕ್ಷರದ ಕೋಡ್‌ಗಳು, ಉದಾಹರಣೆಗೆ ಯು0100, ಯು0121, ಮಾಡ್ಯೂಲ್ ಕೆಟ್ಟಿದೆ ಎನ್ನುವುದಿಲ್ಲ. ಅದರ ಸುದ್ದಿ ಬರಲಿಲ್ಲ ಎನ್ನುತ್ತವೆ ಅಷ್ಟೇ. ಇದನ್ನೇ ನೋಡಿ ಎಬಿಎಸ್ ಯೂನಿಟ್ ಬದಲಿಸಿದರೆ ದುಡ್ಡು ನೀರಿಗೆ. ನೆಗೆಟಿವ್ ಕಳಚಿ ಹತ್ತು ನಿಮಿಷ ಬಿಟ್ಟು, ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಬಹುತೇಕ ಗಾಡಿಗಳಲ್ಲಿ 60 ಬರಬೇಕು. 120 ಬಂದರೆ ವಯರ್ ಎಲ್ಲೋ ತುಂಡಾಗಿದೆ, ಇಲ್ಲವೇ ಒಂದು ತುದಿಯ ರೆಸಿಸ್ಟರ್ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ಕ್ಯಾನ್ ವಯರು ಒಂದಕ್ಕೊಂದು ತಾಗಿವೆ.

ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆ ತೋಟದ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಯಾದರೆ ಮಳೆಗಾಲದಲ್ಲಿ ಇಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬ್ಯಾಟರಿ ಟ್ರೇಯ ಅಡಿ, ಇಂಜಿನ್ ಕವರಿನ ಒಳಗೆ ಹಿಕ್ಕೆ, ಒಣ ಎಲೆ ಕಂಡರೆ ಅಲ್ಲಿಂದಲೇ ವಯರನ್ನು ಕೈಯಲ್ಲಿ ಸವರುತ್ತ ಹೋಗಿ. ಕಡಿದ ಕ್ಯಾನ್ ವಯರನ್ನು ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ, ಹೊಸೆದ ಸುತ್ತನ್ನು ಹಾಗೆಯೇ ಉಳಿಸಿ. ಆ ಹೊಸೆತವೇ ಹೊರಗಿನ ಗದ್ದಲವನ್ನು ತಡೆಯುವುದು.

ಬ್ಯಾಟರಿ ಮತ್ತೆ ಜೋಡಿಸಿದ ಮೇಲೂ ಸ್ಟಿಯರಿಂಗ್ ಅಥವಾ ಟ್ರ್ಯಾಕ್ಷನ್ ದೀಪ ಉಳಿದರೆ ಗಾಬರಿ ಬೇಡ. ಇಂಜಿನ್ ಓಡುತ್ತಿರುವಾಗ ಸ್ಟಿಯರಿಂಗನ್ನು ಎರಡೂ ತುದಿಗೆ ಒಮ್ಮೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿದರೆ ಅನೇಕ ಗಾಡಿಗಳಲ್ಲಿ ತಾನೇ ಆರುತ್ತದೆ. ಕಿಟಕಿಯ ಆಟೋ ಬಟನ್ ಕೆಲಸ ಮಾಡದಿದ್ದರೆ ಗಾಜು ಪೂರ್ತಿ ಮೇಲೇರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎತ್ತಿ ಹಿಡಿಯಿರಿ.