ಪ್ರಾಥಮಿಕ ಶಾಲೆಯಲ್ಲಿ ಪರಭಾಷೆ: ಜಾಲತಾಣವನ್ನು ಕಿವಿಯಿಂದ ಆರಿಸಿಕೊಳ್ಳಿ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ಪ್ರವಾಸಿಗರ ಬಸ್ಸು ನಿಂತ ಕೂಡಲೇ ಸುತ್ತಲಿನ ಮಕ್ಕಳ ಬಾಯಲ್ಲಿ ಕೇಳುತ್ತಿದ್ದ ಇಂಗ್ಲಿಷ್ ಎರಡೇ ಪದದ್ದು: ‘ಒನ್ ಪೆನ್’. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಐದನೇ ತರಗತಿಯ ಹುಡುಗನೊಬ್ಬ ವಿದೇಶಿ ಅಜ್ಜಿಯೊಬ್ಬರ ಹಿಂದೆ ಕೈ ಚಾಚಿಕೊಂಡು ಹೋಗುತ್ತಿದ್ದ. ಆಕೆ ನಿಂತರು, ಬಗ್ಗಿದರು, ನಗುತ್ತಾ ಅವನ ಹೆಸರು ಕೇಳಿದರು. ಅವನು ಬೆಪ್ಪಾಗಿ ನಿಂತ. ‘ವಾಟ್ ಈಸ್ ಯುವರ್ ನೇಮ್’ ಎಂಬ ಅದೇ ವಾಕ್ಯವನ್ನು ಅವನು ನೋಟ್ ಪುಸ್ತಕದಲ್ಲಿ ಹತ್ತು ಸಲ ತಪ್ಪಿಲ್ಲದೆ ಬರೆದಿದ್ದ. ಅದಕ್ಕೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದವಳು ನಾನೇ.

ಅಂದು ಬಸ್ಸಿನಲ್ಲಿ ಕುಳಿತು 30 ಕಿಲೋಮೀಟರ್ ಉದ್ದಕ್ಕೂ ಅದನ್ನೇ ಯೋಚಿಸಿದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಅಕ್ಷರ ಬರುತ್ತದೆ, ಕಾಗುಣಿತದಂತೆ ಪದಗಳೂ ಬಾಯಿಪಾಠವಾಗುತ್ತವೆ. ಆದರೆ ಆ ಭಾಷೆಯನ್ನು ಆಡುವವರ ದನಿ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಮನೆಯಲ್ಲಿ ಆಡುವವರಿಲ್ಲ, ತರಗತಿಯಲ್ಲಿ ಇರುವುದು ನನ್ನೊಬ್ಬಳ ದನಿ. ಜಾಲತಾಣಗಳಿಂದ ನನಗೆ ಬೇಕಾದದ್ದು ಆ ಕೊರತೆಯನ್ನು ತುಂಬುವ ದನಿ ಮಾತ್ರ. ಬಣ್ಣ, ಆಟ, ಅಂಕ, ಪದಕ ಇವೆಲ್ಲ ಅದರ ನಂತರದ ಮಾತು.

ಹೊಸ ಜಾಲತಾಣ ಸಿಕ್ಕಿತೆಂದರೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಚಿತ್ರ ನೋಡದೆ ಬರೀ ಕೇಳುತ್ತೇನೆ. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂಬುದು ಕೇಳಿದ್ದರಲ್ಲೇ ಗೊತ್ತಾಗಬೇಕು. ಒಂದು ಮಾತು ಮುಗಿದ ಮೇಲೆ ಮಗು ಅದನ್ನು ತಿರುಗಿ ಹೇಳುವಷ್ಟು ಬಿಡುವಿರಬೇಕು. ಹಿನ್ನೆಲೆ ಸಂಗೀತ ಮಾತನ್ನು ನುಂಗಬಾರದು. ಇಷ್ಟಿದ್ದರೆ ಇಟ್ಟುಕೊಳ್ಳುತ್ತೇನೆ. ನೋಡಲು ಬಹಳ ಚೆನ್ನಾಗಿರುವ ಎಷ್ಟೋ ತಾಣಗಳು ಈ ಪರೀಕ್ಷೆಯಲ್ಲಿ ಬಿದ್ದುಹೋಗಿವೆ.

ಇಂಗ್ಲಿಷಿಗೆ ನಾನು ಮೊದಲು ತೆರೆಯುವುದು ಬ್ರಿಟಿಷ್ ಕೌನ್ಸಿಲ್ ನಡೆಸುವ ‘ಲರ್ನ್‌ಇಂಗ್ಲಿಷ್ ಕಿಡ್ಸ್’. ಹಾಡು, ಚಿಕ್ಕ ಕಥೆ, ನಾಲಿಗೆ ತೊಡರಿಸುವ ವಾಕ್ಯ, ಅವಕ್ಕೆ ಹೊಂದುವ ಅಭ್ಯಾಸದ ಹಾಳೆ ಎಲ್ಲವೂ ಅಲ್ಲಿ ಉಚಿತವಾಗಿ ಸಿಗುತ್ತವೆ. ಹಾಳೆಗಳನ್ನು ಹಾಸನದಲ್ಲಿ ಮುದ್ರಿಸಿಕೊಂಡು ಹೋಗುತ್ತೇನೆ. ಆದರೆ ಹಾಡು ಕೇಳಿಸಿದ ದಿನವೇ ಹಾಳೆ ಕೊಡುವುದಿಲ್ಲ. ಎರಡು ದಿನ ಕೇಳಲಿ, ಹಾಡಲಿ, ಮೂರನೇ ದಿನ ಬರೆಯಲಿ. ಮೊದಲೇ ಹಾಳೆ ಕೊಟ್ಟರೆ ಮಕ್ಕಳ ಕಣ್ಣು ಅಕ್ಷರಕ್ಕೆ ಅಂಟಿಕೊಂಡು ಕಿವಿ ಮುಚ್ಚಿಹೋಗುತ್ತದೆ.

ಉಚ್ಚಾರದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ನಾಲಿಗೆಯಲ್ಲಿ ಹಕಾರ ಸುಲಭವಾಗಿ ಜಾರುತ್ತದೆ. ಹಾಲು ‘ಆಲು’ ಆಗುತ್ತದೆ, ಹಾಸನವೇ ‘ಆಸನ’ ಆಗುತ್ತದೆ. ಅದು ತಪ್ಪು ಎಂದು ನಾನು ಮಕ್ಕಳಿಗೆ ಎಂದೂ ಹೇಳುವುದಿಲ್ಲ, ಅದು ಅವರ ಮನೆಯ ಮಾತು. ಆದರೆ ಇಂಗ್ಲಿಷಿನಲ್ಲಿ ‘ಹ್ಯಾಂಡ್’ ಎಂದರೆ ಕೈ, ‘ಆ್ಯಂಡ್’ ಎಂದರೆ ಮತ್ತು. ಎರಡೂ ಒಂದೇ ಆದರೆ ಕೇಳುವವರಿಗೆ ಅರ್ಥ ತಪ್ಪುತ್ತದೆ. ಇದಕ್ಕೆ ‘ಫಾರ್ವೋ’ ಎಂಬ ತಾಣ ಬಹಳ ಉಪಯುಕ್ತ. 2008ರಲ್ಲಿ ಶುರುವಾದ ಈ ತಾಣದಲ್ಲಿ ಆಯಾ ಭಾಷೆಯನ್ನು ಮನೆಮಾತಾಗಿ ಉಳ್ಳವರು ತಮ್ಮ ದನಿಯಲ್ಲೇ ಪದಗಳನ್ನು ಹೇಳಿ ಸೇರಿಸುತ್ತಾರೆ. ಒಂದೇ ಪದವನ್ನು ಇಂಗ್ಲೆಂಡಿನವರು, ಅಮೆರಿಕದವರು ಬೇರೆ ಬೇರೆಯಾಗಿ ಹೇಳುವುದನ್ನು ಕೇಳಬಹುದು. ‘ಎರಡು ಬಗೆ ಇದೆಯಲ್ಲ ಮಿಸ್, ಯಾವುದು ಸರಿ?’ ಎಂದು ಮಕ್ಕಳು ಕೇಳುತ್ತಾರೆ. ಹಾಸನದ ಕನ್ನಡವೂ ಧಾರವಾಡದ ಕನ್ನಡವೂ ಸರಿಯಲ್ಲವೇ ಎಂದರೆ ಅವರಿಗೆ ಅಷ್ಟು ಸಾಕು. ಆದರೆ ಫಾರ್ವೋದಲ್ಲಿ ಯಾರು ಬೇಕಾದರೂ ಯಾವ ಪದ ಬೇಕಾದರೂ ಸೇರಿಸಬಹುದು. ಹಾಗಾಗಿ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಬೇಕಾದ ಪದವನ್ನು ಮೊದಲೇ ಹುಡುಕಿಟ್ಟುಕೊಂಡು ನೀವೇ ಕೇಳಿಸಿ.

ಕೇಳಿಸಿದ್ದನ್ನು ಬಾಯಿಗೆ ತರುವ ಒಂದು ಸಣ್ಣ ಉಪಾಯ ಹೇಳುತ್ತೇನೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಒಂದೊಂದು ಮಗುವಿಗೆ ಒಂದೊಂದು ಕೊಡಿ. ಪಟ್ಟಿಯನ್ನು ತುಟಿಯ ಮುಂದೆ ಇಳಿಬಿಟ್ಟು, ಕನ್ನಡದ ‘ಪುಟ್ಟ’ ಎಂದು ಹೇಳಲಿ. ಪಟ್ಟಿ ಅಲುಗುವುದೇ ಕಡಿಮೆ. ಈಗ ಇಂಗ್ಲಿಷಿನ ‘ಪೆನ್’ ಪದವನ್ನು ಫಾರ್ವೋದಲ್ಲಿ ಎರಡು ಸಲ ಕೇಳಿಸಿ, ಹಾಗೆಯೇ ಹೇಳಲು ಹೇಳಿ. ಸರಿಯಾಗಿ ಹೇಳಿದ ಮಗುವಿನ ಪಟ್ಟಿ ಗಾಳಿಗೆ ಮುಂದಕ್ಕೆ ಹಾರುತ್ತದೆ. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಪಕಾರಕ್ಕೆ ನಮ್ಮ ಮಹಾಪ್ರಾಣದಂತೆ ಉಸಿರು ಸೇರುತ್ತದೆ ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಇದೇ ಬಗೆಯಲ್ಲಿ ‘ವ್ಯಾನ್’ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ವಾಟರ್’ ಎನ್ನುವಾಗ ತುಟಿ ದುಂಡಾಗಬೇಕು. ನಾವು ಎರಡಕ್ಕೂ ಒಂದೇ ‘ವ’ ಬರೆಯುವುದರಿಂದ ಪುಸ್ತಕ ಇದನ್ನು ಕಲಿಸಲಾರದು. ಕನ್ನಡಿ ಕಲಿಸುತ್ತದೆ.

ಕಥೆಗಳಿಗೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’. 2015ರಲ್ಲಿ ಶುರುವಾದ ಇದರ ಹೆಚ್ಚುಗಾರಿಕೆ ಏನೆಂದರೆ ಒಂದೇ ಕಥೆ, ಅದೇ ಚಿತ್ರಗಳೊಂದಿಗೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಎಷ್ಟೋ ಕಥೆಗಳು ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಲ್ಲೂ ಇವೆ. ಓದಿನ ಮಟ್ಟಕ್ಕೆ ತಕ್ಕಂತೆ ಒಂದರಿಂದ ನಾಲ್ಕು ಹಂತಗಳಿವೆ. ಐದನೇ ತರಗತಿಯವರಿಗೆ ಕನ್ನಡದಲ್ಲಿ ಮೂರನೇ ಹಂತ ಸಲೀಸು, ಆದರೆ ಇಂಗ್ಲಿಷಿಗೆ ನಾನು ಮೊದಲನೇ ಹಂತವನ್ನೇ ಆರಿಸುತ್ತೇನೆ. ಕಥೆಯನ್ನು ಮೊದಲು ಕನ್ನಡದಲ್ಲಿ ಓದಿ ಹೇಳುತ್ತೇನೆ. ಕಥೆ ಗೊತ್ತಾದ ಮೇಲೆ ಅದೇ ಚಿತ್ರ ತೋರಿಸುತ್ತಾ ಇಂಗ್ಲಿಷಿನಲ್ಲಿ ಓದಿದರೆ ಮಕ್ಕಳು ಅರ್ಥಕ್ಕೆ ತಡಕಾಡುವುದಿಲ್ಲ, ಮಾತಿಗೆ ಕಿವಿಗೊಡುತ್ತಾರೆ. ಕೆಲವು ಕಥೆಗಳಿಗೆ ದನಿ ಸೇರಿಸಿದ ವಿಡಿಯೊಗಳೂ ಇವೆ. ಎಲ್ಲವೂ ಮುಕ್ತ ಪರವಾನಗಿಯಲ್ಲಿರುವುದರಿಂದ ಕಥೆಗಾರರ ಹೆಸರು ಉಳಿಸಿಕೊಂಡು ಪಿಡಿಎಫ್ ಇಳಿಸಿ ಮುದ್ರಿಸಿ ಹಂಚಲು ಅಡ್ಡಿಯಿಲ್ಲ. ಸರ್ಕಾರಿ ಶಾಲೆಗೆ ಇದು ದೊಡ್ಡ ಅನುಕೂಲ.

ಇದರ ಜೊತೆಗೆ ‘ಸ್ಟೋರಿಬುಕ್ಸ್ ಕೆನಡಾ’ ನೋಡಿ. ಅದರಲ್ಲಿರುವುದು 40 ಕಥೆಗಳು, ಆಫ್ರಿಕಾದ ಕಥಾಸಂಗ್ರಹದಿಂದ ಬಂದವು. ಇಂಗ್ಲಿಷ್, ಫ್ರೆಂಚ್ ಮುಂತಾದ ಭಾಷೆಗಳಲ್ಲಿ ಓದಬಹುದು, ಓದಿದ್ದನ್ನು ಕೇಳಬಹುದು. ಓದುವವರ ದನಿ ನಿಧಾನ, ಸ್ಪಷ್ಟ, ನನ್ನ ಬೋರಲು ಮೊಬೈಲಿನ ಪರೀಕ್ಷೆಯಲ್ಲಿ ಪೂರ್ತಿ ಗೆದ್ದ ತಾಣ ಇದು. ಕಥೆಗಳಲ್ಲಿ ಕೋಳಿ, ಹೊಲ, ನೀರು ಹೊರುವ ಹುಡುಗಿ ಬರುತ್ತಾರೆ. ಹಿಮ ಬೀಳುವ ಊರಿನ ಕಥೆಗಿಂತ ಆಲೂಗಡ್ಡೆ, ಮೆಕ್ಕೆಜೋಳ ಬೆಳೆಯುವ ನಮ್ಮ ಹಳ್ಳಿಯ ಮಕ್ಕಳಿಗೆ ಇವು ಹತ್ತಿರ.

‘ಸ್ಟಾರ್‌ಫಾಲ್’ ಅಕ್ಷರ ಮತ್ತು ಧ್ವನಿಯ ನಂಟು ಕಲಿಸಲು ಚೆನ್ನಾಗಿದೆ, ಸ್ವಲ್ಪ ಭಾಗ ಉಚಿತ. ಅಮೆರಿಕದ ತಾಣವಾದ್ದರಿಂದ ಕೊನೆಯ ಅಕ್ಷರವನ್ನು ‘ಝೀ’ ಎನ್ನುತ್ತದೆ, ನಮ್ಮಲ್ಲಿ ‘ಝೆಡ್’ ಎಂದು ಮೊದಲೇ ತಿಳಿಸಿ. ‘ವರ್ಡ್‌ವಾಲ್’ನಲ್ಲಿ ಜೋಡಿ ಹುಡುಕುವ ಆಟವನ್ನು ನೀವೇ ಕಟ್ಟಬಹುದು, ಉಚಿತ ಖಾತೆಯಲ್ಲಿ ಕೆಲವು ಆಟಗಳಿಗಷ್ಟೇ ಅವಕಾಶ. ‘ಡುಯೊಲಿಂಗೊ’ವನ್ನು ನಾನು ಮಕ್ಕಳಿಗೆ ಕೊಡುವುದಿಲ್ಲ. ನಾನು ನೋಡಿದಾಗ ಅಲ್ಲಿ ಫ್ರೆಂಚ್ ಕಲಿಯಲು ಇಂಗ್ಲಿಷ್ ಮೊದಲೇ ಬರಬೇಕಿತ್ತು. ಶಿಕ್ಷಕರು ತಾವು ಕಲಿಯಲು ಬಳಸಲಿ, ನಾನು ಫ್ರೆಂಚ್ ಶುರು ಮಾಡಿದ್ದೇ ಅಲ್ಲಿಂದ.

ಫ್ರೆಂಚ್ ಏಕೆ ಎಂದು ಸಹೋದ್ಯೋಗಿಗಳು ಕೇಳಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಊರ ಬಾಗಿಲಿಗೆ ಬರುವವರೆಲ್ಲ ಇಂಗ್ಲಿಷಿನವರಲ್ಲ. ಬಂದವರಿಗೆ ಅವರ ಮಾತಿನಲ್ಲಿ ಒಂದು ನಮಸ್ಕಾರ ಹೇಳಲಿ ಎಂದು ಶನಿವಾರದ ಕೊನೆಯ 20 ನಿಮಿಷ ಇದಕ್ಕೆ ಇಟ್ಟೆ. ಪಾಠವೂ ಇಲ್ಲ, ಪರೀಕ್ಷೆಯೂ ಇಲ್ಲ.

ಆಗ ಒಂದು ಸಂಗತಿ ಕಂಡು ನನಗೇ ಸಂತೋಷವಾಯಿತು. ಫ್ರೆಂಚಿನಲ್ಲಿ ಹಕಾರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹೋಟೆಲ್ ಅವರ ಬಾಯಲ್ಲಿ ‘ಒತೆಲ್’. ಇಂಗ್ಲಿಷ್ ತರಗತಿಯಲ್ಲಿ ಹಕಾರಕ್ಕೆ ಒದ್ದಾಡುವ ಮಕ್ಕಳು ಇದನ್ನು ಕೇಳಿ ಕುಣಿದರು. ಅಲ್ಲಿನ ‘ತ’, ‘ದ’ ಕೂಡ ನಮ್ಮವೇ, ನಾಲಿಗೆ ಹಲ್ಲಿಗೆ ತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಇಂಗ್ಲಿಷಿನಲ್ಲಿ ಇಲ್ಲದ ನೀನು, ನೀವು ಎಂಬ ಭೇದ ಫ್ರೆಂಚಿನಲ್ಲಿದೆ: ‘ತ್ಯೂ’ ಎಂದರೆ ನೀನು, ‘ವೂ’ ಎಂದರೆ ನೀವು. ಹಿರಿಯರಿಗೆ ಯಾವುದು ಎಂದು ಕೇಳುವ ಮೊದಲೇ ಇಡೀ ತರಗತಿ ‘ವೂ’ ಎಂದಿತು. ಅನುವಾದದ ಯಂತ್ರವನ್ನು ನಂಬುವವರು ಇಲ್ಲಿ ಜಾಗರೂಕರಾಗಿರಿ. ಗೂಗಲ್ ಅನುವಾದದಲ್ಲಿ 2011ರಿಂದ ಕನ್ನಡ ಇದೆ, ಆದರೆ ಅದು ಕೊಟ್ಟ ವಾಕ್ಯದಲ್ಲಿ ‘ತ್ಯೂ’ ಬಂದಿದೆಯೋ ‘ವೂ’ ಬಂದಿದೆಯೋ ನೋಡದೆ ಮಗುವಿನ ಬಾಯಿಗೆ ಹಾಕಬೇಡಿ. ಫ್ರೆಂಚ್ ವಾಹಿನಿ ‘ಟಿವಿ5 ಮೋಂದ್’ ನಡೆಸುವ ಉಚಿತ ಕಲಿಕೆಯ ತಾಣದಲ್ಲಿ ಮೊದಲ ಹಂತದ ಪಾಠಗಳಿವೆ, ಶಿಕ್ಷಕರ ತಯಾರಿಗೆ ಅದು ಒಳ್ಳೆಯದು.

ಏಳನೇ ತರಗತಿಯ ಹುಡುಗಿಯೊಬ್ಬಳಿಗೆ ಜಪಾನಿ ಭಾಷೆಯ ಹುಚ್ಚು. ಅವಳಿಗಾಗಿ ಜಪಾನಿನ ಪ್ರಸಾರ ಸಂಸ್ಥೆ ನಡೆಸುವ ‘ಎನ್‌ಎಚ್‌ಕೆ ವರ್ಲ್ಡ್ ಜಪಾನ್’ನ ಉಚಿತ ಪಾಠಗಳನ್ನು ಹುಡುಕಿದೆ. ‘ವತಾಶಿ ವ ಕೋಹೀ ಓ ನೋಮಿಮಸ್’ ಎಂದರೆ ನಾನು ಕಾಫಿಯನ್ನು ಕುಡಿಯುತ್ತೇನೆ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ‘ಓ’ ಎಂಬುದು ನಮ್ಮ ‘ಅನ್ನು’ ನಿಲ್ಲುವ ಜಾಗದಲ್ಲೇ ನಿಂತಿದೆ. ‘ಇದು ನಮ್ಮ ಹಾಗೆಯೇ ಇದೆ ಮಿಸ್’ ಎಂದು ಅವಳೇ ಕಂಡುಕೊಂಡಳು. ಅಪ್ಪ ಕಾಫಿ ತೋಟದಲ್ಲಿ ಕೆಲಸ ಮಾಡುವುದರಿಂದ ಆ ವಾಕ್ಯ ಮನೆಯಲ್ಲೂ ದಿನವಿಡೀ ನಡೆಯಿತಂತೆ.

ಇನ್ನು ಸಲಕರಣೆಯ ಮಾತು. ಬೇಕಾದದ್ದು ಒಂದು ಮೊಬೈಲ್, ಅಂಗೈಯಗಲದ ಒಂದು ಬ್ಲೂಟೂತ್ ಸ್ಪೀಕರ್. ಇಳಿಸಿಕೊಳ್ಳಲು ಅವಕಾಶವಿರುವುದನ್ನೆಲ್ಲ ಹಿಂದಿನ ರಾತ್ರಿಯೇ ಮನೆಯಲ್ಲಿ ಇಳಿಸಿಕೊಳ್ಳಿ, ಕರೆಂಟನ್ನೂ ನೆಟ್‌ವರ್ಕನ್ನೂ ನಂಬಿ ತರಗತಿಗೆ ಹೋಗಬೇಡಿ. ಇಳಿಸಲು ಬಾರದ್ದಿದ್ದರೆ ನಮ್ಮ ಶಾಲೆಯಲ್ಲಿ ನಾನು ಮಕ್ಕಳನ್ನು ಧ್ವಜದ ಕಟ್ಟೆಯ ಸುತ್ತ ಕೂರಿಸುತ್ತೇನೆ, ಸಿಗ್ನಲ್ ಸಿಗುವುದು ಅಲ್ಲೇ. ಒಮ್ಮೆ ಉಚಿತ ಆಟದ ತಾಣವೊಂದನ್ನು ಮೊದಲೇ ಪೂರ್ತಿ ನೋಡದೆ ತೆರೆದಾಗ ಮಕ್ಕಳು ನೋಡಬಾರದ ಜಾಹೀರಾತು ಪರದೆಯ ತುಂಬ ಬಂತು. ಅಂದಿನಿಂದ ಇಳಿಸಿಕೊಂಡದ್ದನ್ನು ತೋರಿಸುವಾಗ ಮೊಬೈಲಿನ ಸಂಪರ್ಕವನ್ನೇ ಕಡಿದುಬಿಡುತ್ತೇನೆ. ಮಗುವಿನ ಹೆಸರು, ಫೋಟೊ, ಪೋಷಕರ ಫೋನ್ ಸಂಖ್ಯೆ ಕೇಳುವ ಯಾವ ತಾಣಕ್ಕೂ ಅವನ್ನು ಕೊಡಬೇಡಿ. ಖಾತೆ ಬೇಕಾದರೆ ಶಿಕ್ಷಕರ ಹೆಸರಿನಲ್ಲಿ ಒಂದೇ ಸಾಕು.

ಒಂದು ಸಲಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಕೇಳಿಸಬೇಡಿ. ಮೊದಲ ಸಲ ಕಣ್ಣು ಮುಚ್ಚಿ ಕೇಳಲಿ. ಎರಡನೇ ಸಲ ಗೊತ್ತಿರುವ ಪದ ಬಂದಾಗ ಕೈ ಎತ್ತಲಿ. ಮೂರನೇ ಸಲ ಸ್ಪೀಕರಿನ ಜೊತೆಗೆ ಮೆಲ್ಲಗೆ ಹೇಳಲಿ. ಆಮೇಲೆ ಸ್ಪೀಕರ್ ನಿಲ್ಲಿಸಿ, ಇಬ್ಬಿಬ್ಬರು ಎದುರುಬದುರು ಕುಳಿತು ಮಾತಾಡಲಿ. ನೀವು ಆಗ ತಿದ್ದಲು ಹೋಗದೆ ಸಾಲುಗಳ ನಡುವೆ ಸುಮ್ಮನೆ ಓಡಾಡಿ, ತಪ್ಪಿದ್ದನ್ನು ನೆನಪಿಟ್ಟುಕೊಂಡು ಮರುದಿನ ಅದನ್ನೇ ಮತ್ತೆ ಕೇಳಿಸಿ.

ಕಳೆದ ಡಿಸೆಂಬರಿನಲ್ಲಿ ಆರನೇ ತರಗತಿಯ ಹುಡುಗನೊಬ್ಬ ಸೋಮವಾರ ಪ್ರಾರ್ಥನೆಗೂ ಮುಂಚೆ ನನ್ನ ಹತ್ತಿರ ಓಡಿ ಬಂದ. ಭಾನುವಾರ ದೇವಸ್ಥಾನದ ಹತ್ತಿರ ಒಬ್ಬರಿಗೆ ‘ಬೋಂಜೂರ್ ಮದಾಮ್, ಕೊಮಾಂ ತಾಲೆ ವೂ’ ಎಂದನಂತೆ. ನಮಸ್ಕಾರ, ಹೇಗಿದ್ದೀರಿ ಎಂದರ್ಥ. ಅವರು ನಿಂತು ಏನೋ ಹೇಳಿದರು, ಬೇಗ ಹೇಳಿದ್ದರಿಂದ ತಿಳಿಯಲಿಲ್ಲ. ‘ಆದರೆ ಕೊನೆಗೆ “ಎ ವೂ” ಎಂದರು ಮಿಸ್. ವೂ ಎಂದರೆ ನೀವು ಅಲ್ಲವೇ? ನನಗೆ ಏಕೆ ಹಾಗೆ ಹೇಳಿದರು?’

‘ನೀವು ಹೇಗಿದ್ದೀರಿ ಎಂದು ತಿರುಗಿ ಕೇಳಿದ್ದಾರೆ ಕಣೋ’ ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, ‘ನನಗೆ ನೀವು ಎಂದರಾ?’ ಎಂದ. ಆಮೇಲೆ ನನ್ನ ಚೀಲದ ಕಡೆ ಕೈ ತೋರಿಸಿ, ಅದಕ್ಕೆ ಏನು ಹೇಳಬೇಕು, ಸ್ಪೀಕರಿನಲ್ಲಿ ಹಾಕಿ ಎಂದು ಕೇಳಿದ.