ಬಿಳಿಯದೊಂದು ನನಗೆ: ಕಬಡ್ಡಿ ಬಿಟ್ಟವನು ವಾರ್ಡು ಗೆದ್ದ ಲೆಕ್ಕ

"ಪಕ್ಷ ಇಲ್ಲದೆ ಆಗಲಿಕ್ಕಿಲ್ಲ ಮಾರಾಯ, ಇದು ಕಬಡ್ಡಿ ಅಲ್ಲ" ಎಂದವರೆಲ್ಲ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕೇರಳದ ಮಂಜೇಶ್ವರ ತಾಲೂಕಿನ ಒಳನಾಡಿನ ವಾರ್ಡು, ಗ್ರಾಮ ಪಂಚಾಯತಿಗೆ ಸ್ವತಂತ್ರ ಅಭ್ಯರ್ಥಿ, 2025ರ ಡಿಸೆಂಬರಿನಲ್ಲಿ 37 ಮತದ ಗೆಲುವು.

ಮೊದಲು ಸೋತ ಲೆಕ್ಕ. 2020ರ ಫೆಬ್ರವರಿಯಲ್ಲಿ, ಕೊರೋನಕ್ಕೆ ಸ್ವಲ್ಪ ಮುಂಚೆ, ಹೊನಲು ಬೆಳಕಿನ ಕಬಡ್ಡಿ ಪಂದ್ಯ ಇಟ್ಟದ್ದು. ಮ್ಯಾಟ್ ಬಾಡಿಗೆ, ಲೈಟು, ಜನರೇಟರು, ರೆಫ್ರಿಗಳ ಬತ್ತೆ, ಟ್ರೋಫಿ, ಹದಿನಾರು ತಂಡಕ್ಕೆ ಊಟ ಸೇರಿ ಹೆಚ್ಚು ಕಡಿಮೆ 1,80,000 ರೂಪಾಯಿ. ಡಿಸೆಂಬರಿನ ಚುನಾವಣೆಯಲ್ಲಿ ನನಗೆ ಬಿದ್ದ ಮತ 140 ಚಿಲ್ಲರೆ. ಒಂದು ಮತಕ್ಕೆ ಸಾವಿರದ ಇನ್ನೂರರ ಮೇಲೆ! ಸಿಳ್ಳೆ ಹೊಡೆದವರು ಉಪ್ಪಳ, ಕುಂಬಳೆ, ತಲಪಾಡಿ ಆಚೆಯವರು. ನಮ್ಮ ವಾರ್ಡಿನ ಹುಡುಗರಲ್ಲಿ ಅರ್ಧಕ್ಕರ್ಧ ಹದಿನೆಂಟು ತುಂಬದವರು. ಆಟದ ಹೆಸರಿನಿಂದ ಸಿಗುವುದು ಗೇಟು ದಾಟಿ ಜಗಲಿಯಲ್ಲಿ ಕೂರುವ ಅವಕಾಶ, ಅಷ್ಟೇ.

ಈ ಸಲ ವಾರ್ಡು ವಿಂಗಡಣೆ ಆಗಿ ಗಡಿಯೇ ಬದಲಾಗಿತ್ತು. ಹಳೆಯ ಪುಸ್ತಕದಲ್ಲಿ ಬರೆದಿಟ್ಟ ಮನೆಗಳಲ್ಲಿ ಮೂರರಲ್ಲೊಂದು ಪಾಲು ಪಕ್ಕದ ವಾರ್ಡಿಗೆ ಹೋಯಿತು. ಜೊತೆಗೆ ಅರ್ಧ ವಾರ್ಡುಗಳು ಮಹಿಳೆಯರಿಗೆ, ಅದೂ ಸರದಿಯಲ್ಲಿ. ಚೀಟಿ ಎತ್ತುವವರೆಗೆ ನಿಮ್ಮ ವಾರ್ಡು ನಿಮ್ಮದಲ್ಲ. ಪಂಚಾಯತಿನ ಮತದಾರರ ಪಟ್ಟಿಯಲ್ಲಿ ಎಲ್ಲಿ ಹೆಸರಿದ್ದರೂ ಬೇರೆ ವಾರ್ಡಿನಲ್ಲಿ ನಿಲ್ಲಬಹುದು, ನಾಮಪತ್ರದ ಸೂಚಕ ಮಾತ್ರ ಆ ವಾರ್ಡಿನ ಮತದಾರನೇ ಆಗಬೇಕು. ಹಾಗಾಗಿ ನಾನು ಅಕ್ಕಪಕ್ಕದ ಎರಡು ವಾರ್ಡುಗಳ ಪುಸ್ತಕ ಇಟ್ಟುಕೊಂಡಿದ್ದೆ. ಎರಡನೆಯದು ಮಹಿಳಾ ಮೀಸಲಾಯಿತು, ಆ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಪುಸ್ತಕ ಎಂದರೆ ಇನ್ನೂರು ಪುಟದ ನೋಟುಬುಕ್ಕು. ಮನೆಗೆ ಒಂದು ಸಾಲು: ಮನೆ ಹೆಸರು, ಪಟ್ಟಿಯಲ್ಲಿ ಎಷ್ಟು ಹೆಸರು, ಊರಲ್ಲಿ ಎಷ್ಟು ಮಂದಿ, ಗಲ್ಫಿನಲ್ಲಿ ಎಷ್ಟು, ಮಂಗಳೂರಿನಲ್ಲಿ ಎಷ್ಟು, ಮನೆಮಾತು ಯಾವುದು. ಸುಮಾರು 310 ಮನೆ, 1,150 ಹೆಸರು. ಊರಲ್ಲಿ ನಿಜವಾಗಿ ಇದ್ದವರು 900ರ ಹತ್ತಿರ. ಪಟ್ಟಿ ಮಲಯಾಳದಲ್ಲಿ ಸಿಕ್ಕಿದರೆ ಓದಲು ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆ ಹೆಸರು ಅಕ್ಷರ ಬದಲಾದ ಕೂಡಲೇ ಬೇರೆಯೇ ಊರಿನದಾಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಪಂಚಾಯತಿನ ಪಟ್ಟಿ ಬೇರೆ, ವಿಧಾನಸಭೆಯ ಪಟ್ಟಿ ಬೇರೆ. ನವೆಂಬರಿನಲ್ಲಿ ವಿಧಾನಸಭೆ ಪಟ್ಟಿಯ ತೀವ್ರ ಪರಿಷ್ಕರಣೆಯ ಫಾರಂ ಮನೆಮನೆಗೆ ಬಂದಾಗ, ಅದನ್ನು ತುಂಬಿಸಿದವರೆಲ್ಲ ಪಂಚಾಯತಿಗೂ ಆಯಿತು ಎಂದುಕೊಂಡರು. ಆಗಲಿಲ್ಲ. ಹೊಸ ಹೆಸರಿಗೆ ಮೊದಲೇ ಫಾರಂ 4 ಹಾಕಿ, ವಿಚಾರಣೆಯ ದಿನ ದಾಖಲೆ ಹಿಡಿದು ಹೋಗಬೇಕು. ನಾನು ಹೀಗೆ ನಲವತ್ತರಷ್ಟು ಹೆಸರು ಸೇರಿಸಿದೆ. ಅಕ್ಷಯ ಕೇಂದ್ರದ (ಆನ್‌ಲೈನ್ ಅರ್ಜಿ ಹಾಕುವ ಸೇವಾ ಕೇಂದ್ರ) ಖರ್ಚು, ಜೀಪಿನ ಡೀಸೆಲ್ ಎಲ್ಲ ಸೇರಿ ಐದು ಸಾವಿರ ದಾಟಲಿಲ್ಲ. ಗೆಲುವು 37, ಸೇರಿಸಿದ್ದು 40. ನೀವೇ ಲೆಕ್ಕ ಹಾಕಿ.

ಇನ್ನು ಮುಖ್ಯ ವರಸೆ. ನಮ್ಮಲ್ಲಿ ಮತಗಟ್ಟೆಯೊಳಗೆ ಮೂರು ಯಂತ್ರ: ಗ್ರಾಮ ಪಂಚಾಯತಿಗೆ ಬಿಳಿ ಲೇಬಲ್ಲು, ಬ್ಲಾಕ್ ಪಂಚಾಯತಿಗೆ ಗುಲಾಬಿ, ಜಿಲ್ಲಾ ಪಂಚಾಯತಿಗೆ ನೀಲಿ. ಪಕ್ಷದ ಮನೆಗೆ ಹೋಗಿ ಪಕ್ಷ ಬಿಡಿ ಎಂದರೆ ಚಹಾ ಸಿಗಬಹುದು, ಮತ ಸಿಗದು. ನಾನು ಕೇಳಿದ್ದು ಹೀಗೆ: "ಗುಲಾಬಿ, ನೀಲಿ ನಿಮ್ಮವರಿಗೇ ಹಾಕಿ. ಬೊಳ್ದು ಒಂಜಿ ಎಂಕ್ ಕೊರ್ಲೆ." ತುಳುವಿನಲ್ಲಿ ಹಾಗೆಂದರೆ, ಬಿಳಿಯದೊಂದು ನನಗೆ ಕೊಡಿ. ಇಡೀ ತಂಡವನ್ನು ಔಟ್ ಮಾಡಲು ನುಗ್ಗುವ ರೈಡರು ಮ್ಯಾಟಿನ ನಡುವೆ ಸಿಕ್ಕಿಬೀಳುತ್ತಾನೆ. ಬೋನಸ್ ಗೆರೆ ದಾಟಿ ಒಂದು ಪಾಯಿಂಟು ತಂದರೆ ಸಾಕು.

ತೋರಿಸಲು ರಟ್ಟಿನ ಮೇಲೆ ಮೂರು ಹಾಳೆ ಅಂಟಿಸಿಕೊಂಡೆ. ಇಲ್ಲಿ ಒಂದು ಪೆಟ್ಟು ತಿಂದೆ. ಮಾದರಿ ಮತಪತ್ರ ಅಸಲಿಯ ಬಣ್ಣದಲ್ಲಿ ಇರಬಾರದು. ಬಿಳಿ, ಗುಲಾಬಿ, ನೀಲಿಯಲ್ಲೇ ಅಚ್ಚು ಹಾಕಿಸಿದ 600 ಪ್ರತಿ ಒಲೆಗೆ ಹೋಯಿತು, ಅಚ್ಚಿನ ಸಾವಿರದ ಎಂಟುನೂರು ರೂಪಾಯಿ ನಷ್ಟ. ಮತ್ತೆ ಹಳದಿ, ಹಸಿರು, ಕಂದು ಬಣ್ಣದಲ್ಲಿ ಮಾಡಿಸಿದೆ. ಹಳದಿ ತೋರಿಸಿ "ಅಲ್ಲಿ ಇದು ಬಿಳಿ ಇರುತ್ತದೆ" ಎಂದು ಹೇಳಬೇಕಾದದ್ದರಿಂದ ಅಜ್ಜಿಯಂದಿರು ಎರಡು ಸಲ ಕೇಳಿದರು. ಅದೇ ಲಾಭವಾಯಿತು, ಎರಡು ಸಲ ಕೇಳಿದ್ದು ನೆನಪಿನಲ್ಲಿ ಉಳಿಯುತ್ತದೆ. ಬಿಳಿ ಮಾತ್ರ ಒತ್ತಿ ಹೊರಡುವವರಿಗೆ ಕೊನೆಯ ಯಂತ್ರದ ಎಂಡ್ ಗುಂಡಿ ಒತ್ತಲು ಹೇಳಿಕೊಡಿ. ಅದಿಲ್ಲದೆ ಉದ್ದದ ಬೀಪ್ ಬರುವುದಿಲ್ಲ, ಮತದಾನ ಮುಗಿದ ಹಾಗಲ್ಲ. ನೋಟಾ ಎಂಬುದು ಈ ಚುನಾವಣೆಯಲ್ಲಿ ಇಲ್ಲ.

ಚಿಹ್ನೆ ಆರಿಸುವಾಗ ಆಟದ ಮೋಹ ಬೇಡ. ತುಳು, ಕನ್ನಡ, ಮಲಯಾಳ, ಬ್ಯಾರಿ ನಾಲ್ಕರಲ್ಲೂ ಒಂದೇ ಹೆಸರಿನಿಂದ ಕರೆಯುವ ವಸ್ತು ಇರಲಿ. ಕನ್ನಡಕ ತೆಗೆದು, ಬೆಂಕಿಪೆಟ್ಟಿಗೆ ಗಾತ್ರದಲ್ಲಿ ನೋಡಿ ಪರೀಕ್ಷೆ ಮಾಡಿ.

ಮನೆಗೆ ಮೂರು ಸುತ್ತು. ಬೆಳಿಗ್ಗೆ ಏಳೂವರೆಗೆ ಅಡಿಕೆ ಅಂಗಳದಲ್ಲಿ ಗಂಡಸರು ಸಿಗುತ್ತಾರೆ, ಹೆಂಗಸರು ತೊಝಿಲುರಪ್ಪು (ಉದ್ಯೋಗ ಖಾತ್ರಿ) ಕೆಲಸದ ಜಾಗದಲ್ಲಿ ಊಟದ ಹೊತ್ತಿಗೆ. ಸಂಜೆ ಧಾರಾವಾಹಿ ಹೊತ್ತಿಗೆ ಹೋಗಬೇಡಿ. ಮನಸ್ಸು ಅಲ್ಲಾಡುತ್ತಿರುವ ಮನೆಯನ್ನು ಎರಡನೇ ಸುತ್ತಿನಲ್ಲಿ ಗುರುತಿಸಲು ಒಂದು ಪ್ರಶ್ನೆ ಕೇಳುತ್ತಿದ್ದೆ. ಅದು ಯಾವುದೆಂದು ಹೇಳಲಾರೆ, 2030 ದೂರವಿಲ್ಲ.

ನಡುವೆ ಒಂದೆರಡು ಪ್ರಯೋಗವೂ ನಡೆಯಿತು. ಹಳೆಯ ರೈಡಿನ ವಿಡಿಯೋಗಳನ್ನು ಸ್ಟೇಟಸ್ಸಿಗೆ ಹಾಕಿದೆ. ನೋಡಿದವರು ನಾನೂರು, ವಾರ್ಡಿನವರು ಮೂವತ್ತೂ ಇಲ್ಲ. ಭಾನುವಾರ ಮಕ್ಕಳಿಗೆ ಮಣ್ಣಿನ ಅಂಕಣದಲ್ಲಿ ತರಬೇತಿ ಕೊಟ್ಟದ್ದು ಮಾತ್ರ ಕೆಲಸ ಮಾಡಿತು, ಕರೆದುಕೊಂಡು ಹೋಗಲು ತಾಯಂದಿರು ಬರುತ್ತಾರಲ್ಲ.

ಖರ್ಚಿನ ಮಿತಿ 25,000 ರೂಪಾಯಿ, ಠೇವಣಿ 2,000. ಪಿವಿಸಿ ಫ್ಲೆಕ್ಸಿಗೆ ನಿಷೇಧ ಇದೆ. ಹತ್ತಿಬಟ್ಟೆಯ ಬ್ಯಾನರು ದುಬಾರಿ, ಆರಕ್ಕೇ ನಿಲ್ಲಿಸಿದೆ. ಒಟ್ಟು ಹತ್ತೊಂಬತ್ತು ಸಾವಿರದ ಆಸುಪಾಸು ಆಯಿತು.

ಡಿಸೆಂಬರ್ 11ಕ್ಕೆ ಬೂತ್ ಏಜೆಂಟರಾಗಿ ಕಬಡ್ಡಿ ಗೆಳೆಯರನ್ನು ಕೂರಿಸಲಿಲ್ಲ, ಮನೆ ಹೆಸರು ಬಾಯಿಪಾಠ ಇರುವ ಅಯಲ್ಕೂಟದ (ನೆರೆಮನೆ ಹೆಂಗಸರ ಸ್ವಸಹಾಯ ಗುಂಪು) ಅಕ್ಕ ಕೂತರು. ಮತದಾರರಿಗೆ ಸ್ಲಿಪ್ಪು ಕೊಡುವ ಮೇಜು ಮತಗಟ್ಟೆಯಿಂದ 200 ಮೀಟರ್ ಆಚೆ. ಸ್ಲಿಪ್ಪಿನಲ್ಲಿ ಹೆಸರು, ಚಿಹ್ನೆ ಇರಬಾರದು. ಮತದಾರರನ್ನು ಸಾಗಿಸಲು ಗಾಡಿ ಮಾಡಿದರೆ ಗೆದ್ದರೂ ಕೇಸು ಬೀಳಬಹುದು. ಮಧ್ಯಾಹ್ನ ಮೂರಕ್ಕೆ ಬಾರದವರ ಪಟ್ಟಿ ಮಾಡಿ ಅವರ ಮನೆಯವರಿಗೇ ಫೋನು ಮಾಡಿದೆವು. ಆರು ಗಂಟೆಯೊಳಗೆ ಇಪ್ಪತ್ತು ಮೂವತ್ತು ಮಂದಿ ಬಂದರು.

ಗೆದ್ದ ಅಮಲಿನಲ್ಲಿ ಬಿಲ್ಲು ಕಳೆದುಕೊಳ್ಳಬೇಡಿ. ಫಲಿತಾಂಶದಿಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡದಿದ್ದರೆ ಐದು ವರ್ಷ ಅನರ್ಹತೆ, ಸೋತವರಿಗೂ ಅದೇ. ನನ್ನಲ್ಲಿ ಚಹಾದಂಗಡಿಯ ಖರ್ಚಿಗೆ ಬಿಲ್ಲು ಇರಲಿಲ್ಲ. ಅಂಗಡಿಯವರ ಹತ್ತಿರ ಕೂತು ಅವರ ಸಾಲದ ಪುಸ್ತಕ ನೋಡಿ ಬರೆಸಿಕೊಂಡೆ. 1,140 ರೂಪಾಯಿ ಆಗಿತ್ತು, ಅದರಲ್ಲಿ ಮುನ್ನೂರರಷ್ಟು ಎದುರಾಳಿಯ ಕಡೆಯವರು ಕುಡಿದದ್ದು.