ಐಸಿಯು ಬ್ಲಡ್ ರಿಪೋರ್ಟ್ ಓದೋದು ಹೇಗೆ?

ಕೋವಿಡ್ ಆಗ್ಲಿ ಇನ್‌ಫ್ಲುಯೆಂಜಾ ಆಗ್ಲಿ, ಕಾಯಿಲೆ ಜೋರಾಗಿ ಐಸಿಯು ಸೇರಿದವರ ಬ್ಲಡ್ ರಿಪೋರ್ಟ್ ಕೈಗೆ ಬಂದ್ರೆ ಸಾಲುಸಾಲಾಗಿ 'ಹೈ' ಅಂತಾನೇ ಇರತ್ತೆ, ನೋಡಿದವರ ಎದೆ ಧಸಕ್ ಅನ್ನತ್ತೆ. ಆದ್ರೆ ಐಸಿಯುನಲ್ಲಿ ಇರೋರ ರಿಪೋರ್ಟು ನಾರ್ಮಲ್ ಬರೋದೇ ಅಪರೂಪ. ನೋಡ್ಬೇಕಾಗಿರೋದು ನಿನ್ನೆಗಿಂತ ಇವತ್ತು ನಂಬರ್ ಯಾವ ಕಡೆ ಹೊರಟಿದೆ ಅನ್ನೋದನ್ನ.

ಮೊದ್ಲು ಯೂನಿಟ್ ನೋಡಿ. ಸಿಆರ್‌ಪಿನ (ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸೋ ಪ್ರೋಟೀನ್) ಒಂದು ಲ್ಯಾಬ್ ಲೀಟರ್‌ಗೆ 96 ಮಿಲಿಗ್ರಾಂ ಅಂತ ಕೊಟ್ರೆ ಇನ್ನೊಂದು ಡೆಸಿಲೀಟರ್ ಲೆಕ್ಕದಲ್ಲಿ 9.6 ಅಂತ ಕೊಡತ್ತೆ, ಎರಡೂ ಒಂದೇ, ಕಾಯಿಲೆ ಇಳಿದಿಲ್ಲ. ರಕ್ತ ಹೆಪ್ಪುಗಟ್ಟಿರೋ ಸುಳಿವು ಕೊಡೋ ಡಿ-ಡೈಮರ್‌ಗೂ ಇದೇ ಗೋಳು, ಅದಕ್ಕೆ ಎಫ್‌ಇಯು, ಡಿಡಿಯು ಅಂತ ಎರಡು ಯೂನಿಟ್, ಎಫ್‌ಇಯು ಅಂತ ಬರೆದಿದ್ರೆ ಆ ನಂಬರು ಡಿಡಿಯುಗಿಂತ ಹತ್ತತ್ರ ಎರಡರಷ್ಟು ಇರತ್ತೆ.

ಆಮೇಲೆ ಒಂದು ಹಾಳೇಲಿ ತಾರೀಖಿನ ಪ್ರಕಾರ ಸಿಆರ್‌ಪಿ, ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ), ಡಿ-ಡೈಮರ್, ಎಲ್‌ಡಿಎಚ್ (ಜೀವಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರೋ ಕಿಣ್ವ), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋದು) ಬರ್ಕೊಳ್ಳಿ, ಪಕ್ಕದಲ್ಲೇ ಸ್ಟೀರಾಯ್ಡ್ ಶುರು ಮಾಡಿದ ದಿನಾನೂ ಇರ್ಲಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಲಿಂಫೋಸೈಟ್‌ನಲ್ಲಿ ಪರ್ಸೆಂಟ್ ನೋಡಿ ಮೋಸ ಹೋಗ್ಬೇಡಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಟ್ಟು ಬಿಳಿ ರಕ್ತಕಣ 8000, ಅದ್ರಲ್ಲಿ ಲಿಂಫೋಸೈಟ್ 5 ಪರ್ಸೆಂಟ್ ಅಂದ್ರೆ ನಿಜವಾದ ಲೆಕ್ಕ 400. ದೊಡ್ಡವರಲ್ಲಿ 1000ಕ್ಕಿಂತ ಕೆಳಗಿದ್ರೇ ಕಮ್ಮಿ ಅಂತಾರೆ, ಇನ್ನು 400ರಲ್ಲೇ ದಿನಗಟ್ಟಲೆ ನಿಂತ್ರೆ ಡಾಕ್ಟರ್ ಮುಖ ಸಪ್ಪಗಾಗೋದು ಸಹಜ. ಸಿಆರ್‌ಪಿ ಹುಟ್ಟೋದು ಲಿವರ್‌ನಲ್ಲಿ, ಉರಿಯೂತ ನಿಂತ್ರೆ ಸುಮಾರು 19 ಗಂಟೇಲಿ ಅರ್ಧಕ್ಕೆ ಇಳಿಯತ್ತೆ, ಹಾಗಾಗಿ ಎರಡ್ಮೂರು ದಿನ ಆದ್ರೂ ಇಳೀದೇ ಇದ್ರೆ ಒಳಗೆ ಏನೋ ನಡೀತಾನೇ ಇದೆ ಅಂತ ಅರ್ಥ.

ಡಿ-ಡೈಮರ್ ಅಂದ್ರೆ ಹೆಪ್ಪುಗಟ್ಟಿದ ರಕ್ತ ಕರಗಿದಾಗ ಉಳಿಯೋ ಚೂರು. 2020ರಲ್ಲಿ ವುಹಾನ್‌ನ 191 ಕೋವಿಡ್ ರೋಗಿಗಳ ದಾಖಲೆ ನೋಡಿದಾಗ, ಅಡ್ಮಿಟ್ ಆಗೋವಾಗ್ಲೇ ಇದು ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ ದಾಟಿದ್ದವರಲ್ಲಿ ಸಾವಿನ ರಿಸ್ಕ್ ಜಾಸ್ತಿ ಇತ್ತು. ಆದ್ರೆ 1 ದಾಟಿಯೂ ಬದುಕಿ ಮನೆಗೆ ಹೋದವರೂ ಅದೇ ಗುಂಪಲ್ಲಿ ಇದ್ರು, ಇದನ್ನ ಮಾತ್ರ ಯಾರೂ ವಾಟ್ಸಾಪಲ್ಲಿ ಕಳ್ಸಲ್ಲ.

ಈಗ ಸ್ಟೀರಾಯ್ಡ್ ವಿಷಯ. ಅದು ಕೊಟ್ಟ ಮೇಲೆ ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಏರೋದು, ಲಿಂಫೋಸೈಟ್ ಇಳಿಯೋದು ಔಷಧಿಯ ಆಟಾನೂ ಇರಬಹುದು. ಉರಿಯೂತ ತಗ್ಗಿಸೋ ಟೋಸಿಲಿಜುಮ್ಯಾಬ್ ಅನ್ನೋ ಔಷಧಿ ಕೊಟ್ರಂತೂ ಸಿಆರ್‌ಪಿ ಪಾತಾಳಕ್ಕೆ ಇಳಿಯತ್ತೆ, ಹೊಸ ಇನ್‌ಫೆಕ್ಷನ್ ಬಂದ್ರೂ ಏರದೇ ಇರಬಹುದು. ರಕ್ತ ತೆಗೆಯೋವಾಗ ಕಣ ಒಡೆದ್ರೆ ಎಲ್‌ಡಿಎಚ್ ಸುಮ್‌ಸುಮ್ನೆ ಜಾಸ್ತಿ ತೋರ್ಸತ್ತೆ. ಪ್ರೊಕ್ಯಾಲ್ಸಿಟೋನಿನ್ ಅನ್ನೋ ಇನ್ನೊಂದು ರಕ್ತದ ಟೆಸ್ಟ್ ಏರಿದ್ರೆ ಬ್ಯಾಕ್ಟೀರಿಯಾ ಸೇರ್ಕೊಂಡಿದೆಯಾ ಅಂತ ಹುಡುಕ್ತಾರೆ, ಕಿಡ್ನಿ ಕೈಕೊಟ್ಟಾಗ್ಲೂ ಅದು ಏರತ್ತೆ.

ಇನ್ನೊಂದು ಮಾತು, ಸಾವಿನ ರಿಸ್ಕ್ ಅಂದಾಜು ಮಾಡೋಕೆ ಕೋವಿಡ್‌ಗೆ ಅಂತ ಮಾಡಿದ 4ಸಿ ಸ್ಕೋರ್‌ನಲ್ಲಿ ಇರೋ ಎಂಟು ಅಂಶದಲ್ಲಿ ರಕ್ತದ್ದು ಎರಡೇ, ಯೂರಿಯಾ ಮತ್ತು ಸಿಆರ್‌ಪಿ. ಉಳಿದಿದ್ದು ವಯಸ್ಸು, ಗಂಡೋ ಹೆಣ್ಣೋ, ಬೇರೆ ಕಾಯಿಲೆ, ಉಸಿರಿನ ವೇಗ, ಆಕ್ಸಿಜನ್, ಪ್ರಜ್ಞೆ. ಅದಕ್ಕೇ ರೌಂಡ್ಸ್ ಟೈಮಲ್ಲಿ ಆ ಹಾಳೆ ಕೈಲಿ ಹಿಡ್ಕೊಂಡು ಮೊದ್ಲು ಇದನ್ನ ಕೇಳಿ: ನಿನ್ನೆಗಿಂತ ಆಕ್ಸಿಜನ್ ಎಷ್ಟು ಕಮ್ಮಿ ಮಾಡಿದ್ರಿ, ಬಿಪಿ ಏರ್ಸೋ ಔಷಧಿ ಇಳಿಸಿದ್ರಾ, ಯೂರಿನ್ ಎಷ್ಟು ಹೋಗಿದೆ?